ಸಮುದ್ರವರ್ಣನೆಯ ಪಾಠ

ಪೂಜ್ಯ ಶ್ರೀಗಳವರ ಅಪ್ಪಣೆಯಂತೆ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ನಾನೊಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ವಚನಗಳ ಲಯವನ್ನು ಕುರಿತೋ ಷಟ್ಪದಿಯ ಬೆಳವಣಿಗೆಯನ್ನು ಕುರಿತೋ ಬರೆದೇನೆಂದು ಅವರು ನಿರೀಕ್ಷಿಸಿದ್ದರೆ ತಪ್ಪಲ್ಲ. ಹಿಂದಿನ ಸಂಚಿಕೆಗಳಲ್ಲಿ ಅಂಥವನ್ನೇ ಬರೆದಿದ್ದೇನೆ. ಓದಿದವರು ಎಷ್ಟು ಮಂದಿಯೋ ಅರಿಯೆ. ಈ ಸಲ ಒಂದು ಪ್ರವಾಸದ ಸಂಗತಿಯನ್ನು ಬರೆಯುತ್ತಿದ್ದೇನೆ. ಇದನ್ನು ಬೇರೆಲ್ಲಿಯೂ ಅಲ್ಲ, ಈ ಸಂಚಿಕೆಯಲ್ಲಿಯೇ ಬರೆಯಬೇಕಾದುದಕ್ಕೆ ಒಂದು ಕಾರಣವುಂಟು. ಅದು ಮುಂದೆ ತಿಳಿಯುತ್ತದೆ.

ಮಹಾಕಾವ್ಯವೆಂದರೆ ಅದರಲ್ಲಿ ಅಷ್ಟಾದಶ ವರ್ಣನೆಗಳು ಇರಬೇಕೆಂಬುದು ನಮ್ಮ ಲಾಕ್ಷಣಿಕರ ಮಾತು. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಇವನ್ನು ಎಣಿಸುವಾಗ ನಗರದ ಬೆನ್ನಿಗೇ ಸಮುದ್ರವನ್ನು ಹೇಳುತ್ತಾನೆ. ಒಳನಾಡಿನಲ್ಲಿ ಹುಟ್ಟಿ ಒಳನಾಡಿನಲ್ಲಿಯೇ ಬಾಳಿದ ಕವಿಗೂ ಇದರಿಂದ ವಿನಾಯಿತಿಯಿಲ್ಲ. 1990ರಿಂದ ಈ ಶಾಲೆಯಲ್ಲಿ ಹಳಗನ್ನಡ ಪದ್ಯಗಳನ್ನು ಬಿಡಿಸಿ ಹೇಳುತ್ತ ಬಂದ ನಾನೂ ಎಷ್ಟೋ ಸಲ ಸಮುದ್ರವರ್ಣನೆಯ ಪಾಠ ಮಾಡಿದ್ದೇನೆ. ಅಮರಕೋಶದ ವಾರಿವರ್ಗ ಸಮುದ್ರಕ್ಕೆ ಹದಿನೈದು ಹೆಸರುಗಳನ್ನು ಕೊಡುತ್ತದೆ. ಅಬ್ಧಿ, ಅಕೂಪಾರ, ಪಾರಾವಾರ, ಉದಧಿ, ಅರ್ಣವ, ರತ್ನಾಕರ ಎಂದು ಪಾಠಶಾಲೆಯಲ್ಲಿ ಕಲಿತದ್ದನ್ನು ಇಂದಿಗೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಕಡಲ ಮೊರೆತವೆಂದರೇನೆಂದು ಹುಡುಗರಿಗೆ ತಿಳಿಯದಿದ್ದಾಗ, ಊರ ಹೊರಗೆ ರೈಲುಗಾಡಿ ಬರುವ ಮುನ್ನ ಹಳಿಯಲ್ಲಿ ಏಳುವ ಸದ್ದನ್ನು ನೆನೆಯಿರೆಂದು ಹೇಳುತ್ತಿದ್ದೆ. ಇಷ್ಟೆಲ್ಲ ಹೇಳುತ್ತಿದ್ದವನು ಸಮುದ್ರವನ್ನು ಕಂಡದ್ದು 2010ರಲ್ಲಿ, ಶಾಲೆಯ ಪ್ರವಾಸದೊಡನೆ ಗೋಕರ್ಣಕ್ಕೆ ಹೋದಾಗ. ಧೋತರವನ್ನು ಮೊಣಕಾಲಿಗೇರಿಸಿಕೊಂಡು ಕಾಲುಗಂಟೆ ನೀರಿನಲ್ಲಿ ನಿಂತು ಬಂದೆ. ಅಂದು ನಾನು ಕಂಡದ್ದು ದಡ, ಕಡಲಲ್ಲ.

ನನ್ನ ಮಗ ಈ ಶಾಲೆಯ ಹಳೆಯ ವಿದ್ಯಾರ್ಥಿ. ಕೆಲವು ವರ್ಷಗಳಿಂದ ಮಾರಿಷಸ್ ದ್ವೀಪದಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದಾನೆ. ಮಕರವೃತ್ತದಿಂದ ತುಸು ಉತ್ತರಕ್ಕಿರುವ ಆ ದ್ವೀಪದಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ. ಮಕ್ಕಳಿಗೆ ದೊಡ್ಡ ರಜೆ. 2023ರ ಡಿಸೆಂಬರಿನಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋದೆವು. ಹೋದ ಮೇಲೆ ತಿಳಿಯಿತು, ಮಗ ರಜೆಯ ದಿನಗಳಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತಿದ್ದಾನೆಂದು. ದೋಣಿಯೊಂದನ್ನು ಬಾಡಿಗೆಗೆ ಗೊತ್ತುಮಾಡಿ, ಮನೆಮಂದಿಯೆಲ್ಲ ಏಳು ದಿನ ದ್ವೀಪವನ್ನು ಸುತ್ತಿಬರುವುದೆಂದು ನಿಶ್ಚಯಿಸಿ, ನಮಗೆ ಕೊನೆಯಲ್ಲಿ ತಿಳಿಸಿದ. ಮೊದಲೇ ತಿಳಿಸಿದ್ದರೆ ಅವನ ತಾಯಿ ವಿಮಾನವನ್ನೇ ಹತ್ತುತ್ತಿರಲಿಲ್ಲ.

ಆ ದೋಣಿಗೆ ಕ್ಯಾಟಮರಾನ್ ಎಂದು ಹೆಸರು. ಜೋಡಿ ಒಡಲಿನ ಮೇಲೆ ಅಟ್ಟ ಹಾಕಿದಂತೆ ಕಾಣುತ್ತದೆ. ಇದು ಫ್ರೆಂಚರ ಮಾತೋ ಇಂಗ್ಲಿಷರದೋ ಎಂದು ಮೊಮ್ಮಗ ಕೇಳಿದ. ಎರಡೂ ಅಲ್ಲ, ತಮಿಳಿನ ‘ಕಟ್ಟುಮರಂ’. ಕಟ್ಟು, ಮರ ಎರಡೂ ಕನ್ನಡಿಗನಿಗೆ ಅಪರಿಚಿತವಲ್ಲ. ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ ಕಡಲಿಗಿಳಿಯುತ್ತಿದ್ದ ನಮ್ಮ ತೆಂಕಣ ಬೆಸ್ತರ ಮಾತು ಭೂಮಂಡಲ ಸುತ್ತಿ, ಉಡುಪು ಬದಲಿಸಿಕೊಂಡು ನನ್ನ ಮುಂದೆ ನಿಂತಿತ್ತು. ಹತ್ತುವಾಗ ಅಷ್ಟರಮಟ್ಟಿಗೆ ಧೈರ್ಯ ಬಂತು.

ಡಿಸೆಂಬರ್ 22ರಂದು ದ್ವೀಪದ ಉತ್ತರದಲ್ಲಿರುವ ಗ್ರಾಂಬೇ ಎಂಬಲ್ಲಿಂದ ಹೊರಟೆವು. ದೋಣಿಯಲ್ಲಿ ಆರು ಜನ: ನಾವಿಬ್ಬರು, ಮಗ, ಸೊಸೆ, ಆರು ವರ್ಷದ ಮೊಮ್ಮಗ, ಮತ್ತು ಕ್ರಿಯೋಲ್ ಸಮುದಾಯದ ಒಬ್ಬ ಹಿರಿಯ ನಾವಿಕ. ನಮ್ಮ ಮನೆಯವರು ಊರಿನಿಂದ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಣಶುಂಠಿ, ಇವಿಷ್ಟು ನನ್ನ ಮಟ್ಟಿಗೆ ನಿಜವಾದ ಸರಂಜಾಮು. ನಾವಿಕನೂ ರೊಟ್ಟಿಯ ರುಚಿ ಕಂಡ. ಮೂರನೆಯ ದಿನದಿಂದ ಕೇಳಿಯೇ ತೆಗೆದುಕೊಳ್ಳುತ್ತಿದ್ದ.

ನನ್ನ ದೊಡ್ಡ ಅಂಜಿಕೆ ಮುಳುಗುವುದಲ್ಲ, ಇಷ್ಟಲಿಂಗಪೂಜೆ. ಎಡದ ಅಂಗೈ ಅಲುಗಬಾರದು, ನೋಟ ಕದಲಬಾರದು ಎಂದು ದೀಕ್ಷೆಯ ದಿನ ಗುರುಗಳು ಹೇಳಿದ್ದು. ನೆಲವೇ ಅಲುಗುವ ಕಡೆ ಅಂಗೈ ಹೇಗೆ ನಿಂತೀತು? ನಮ್ಮ ಮನೆಯವರು ನನ್ನ ಕರಡಿಗೆಯ ಶಿವದಾರಕ್ಕೆ ಇನ್ನೊಂದು ಗಂಟು ಬಿಗಿದು, ಪೂಜೆ ಮುಗಿಯುವವರೆಗೂ ಹಿಂದೆ ಕುಳಿತು ನನ್ನ ವಲ್ಲಿಯ ಸೆರಗನ್ನು ಹಿಡಿದಿರುತ್ತಿದ್ದರು. ಮೊದಲ ಬೆಳಗು ಮೈಯನ್ನೆಲ್ಲ ಬಿಗಿಮಾಡಿ ಕುಳಿತೆ, ಕೈ ನಡುಗಿತು. ಮರುದಿನ ಬಿಗಿಯುವುದನ್ನು ಬಿಟ್ಟೆ. ದೋಣಿ ವಾಲಿದತ್ತ ಮೈ ವಾಲಿತು, ಅಂಗೈ ಮಾತ್ರ ನಿಂತಿತು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮೊದಲ ಎರಡು ದಿನಗಳ ಸಂಗತಿಯನ್ನು ಬೇಗ ಮುಗಿಸುತ್ತೇನೆ. ಉತ್ತರದ ಚಿಕ್ಕ ದ್ವೀಪಗಳನ್ನು ದೂರದಿಂದ ಕಂಡೆವು, ನನಗೆ ವಾಂತಿಯಾಯಿತು, ಶುಂಠಿ ಕೆಲಸ ಮಾಡಿತು. ಈಶಾನ್ಯದಲ್ಲಿ ಇಲ್ ದಾಂಬ್ರ್ ಎಂಬ ನಡುಗಡ್ಡೆಯಿದೆ. ಅದರ ಸಮೀಪದ ಹವಳದ ದಿಬ್ಬಕ್ಕೆ ಬಡಿದು 1744ರಲ್ಲಿ ಸೇಂತ್ ಜೆರಾಂ ಎಂಬ ಫ್ರೆಂಚ್ ಹಡಗು ಒಡೆದುಹೋಯಿತು. ಆ ಘಟನೆಯನ್ನಾಧರಿಸಿ ಬೆರ್ನಾರ್ದಾಂ ದ ಸೇಂತ್ ಪಿಯೆರ್ ಬರೆದ ‘ಪೌಲ್ ಮತ್ತು ವಿರ್ಜಿನಿ’ ಎಂಬ ಕಾದಂಬರಿ 1788ರಲ್ಲಿ ಪ್ರಕಟವಾಗಿ ಯುರೋಪನ್ನು ಅಳಿಸಿತು. ಉಡುಪು ಕಳಚಿ ಈಜಲು ನಾಚಿದ ನಾಯಿಕೆ ಮುಳುಗಿ ಸಾಯುತ್ತಾಳೆ. ಸೊಸೆ ಕಥೆ ಹೇಳಿದಾಗ ನಮ್ಮ ಮನೆಯವರು ಮಾತಾಡಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಪೂರ್ವದ ದಂಡೆಯಲ್ಲಿ ಗಾಳಿ ಎದುರಿನಿಂದ ಬರುತ್ತಿತ್ತು. ಆಗ್ನೇಯದ ವಾಣಿಜ್ಯ ಮಾರುತ ಆ ದ್ವೀಪದ ಮೇಲೆ ವರ್ಷದ ಬಹುಭಾಗ ಬೀಸುತ್ತದೆ. ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಹೋಗಲಾರದೆಂಬುದು ನನಗೆ ಗೊತ್ತಿರಲಿಲ್ಲ. ಮಗ ದೋಣಿಯನ್ನು ಎಡಕ್ಕೆ ಓರೆಯಾಗಿ ಒಂದಿಷ್ಟು ದೂರ ನಡೆಸಿ, ಹಾಯಿಯನ್ನು ಮಗುಚಿ, ಬಲಕ್ಕೆ ಓರೆಯಾಗಿ ಇನ್ನೊಂದಿಷ್ಟು ದೂರ ನಡೆಸುತ್ತಿದ್ದ. ಹೀಗೆ ಅಡ್ಡಾಡಿ ಅಡ್ಡಾಡಿ ಮುಂದೆ ಸಾಗಬೇಕು. ಹಿಂದೆ ನೀರಿನಲ್ಲಿ ಬಿದ್ದ ಗೆರೆಯನ್ನು ನೋಡಿದವನೇ “ಗೋಮೂತ್ರಿಕೆ!” ಎಂದು ಉದ್ಗರಿಸಿದೆ. ನಡೆಯುವ ಎತ್ತು ನೆಲದ ಮೇಲೆ ಬಿಡಿಸುವ ಅಂಕುಡೊಂಕು ಗೆರೆಯಂತೆ ಅಕ್ಷರಗಳನ್ನು ಮೇಲೆ ಕೆಳಗೆ ಓದಿಸುವ ಚಿತ್ರಬಂಧವದು. ಕವಿಯ ಕಸರತ್ತೆಂದು ನಾನು ತರಗತಿಯಲ್ಲಿ ನಗೆಯಾಡಿದ್ದುಂಟು. ಮಗ ಚುಕ್ಕಾಣಿ ಬಿಡದೆ, “ನಮ್ಮ ಪುಸ್ತಕದಾಗ ಇದಕ್ಕ ಬ್ಯಾರೆ ಹೆಸರೈತಿ ಅಪ್ಪಾ, ನಿಮ್ಮದ ಛಲೋ ಐತಿ” ಎಂದ.

ಇಲ್ ಓ ಸೆರ್ಫ್ ಎಂದರೆ ಜಿಂಕೆಗಳ ದ್ವೀಪವಂತೆ. ಜಿಂಕೆ ಕಾಣಲಿಲ್ಲ, ಜನ ಬಹಳ ಕಂಡರು. ಆದರೆ ಅಲ್ಲಿ ಲಂಗರು ಹಾಕಿದ ರಾತ್ರಿಯೇ ನಾನು ಮೊರೆತವನ್ನು ಕೇಳಿದ್ದು. ಈ ದ್ವೀಪವನ್ನು ಬಹುಮಟ್ಟಿಗೆ ಸುತ್ತುವರಿದು ಸುಮಾರು 150 ಕಿಲೋಮೀಟರ್ ಉದ್ದದ ಹವಳದ ದಿಬ್ಬವಿದೆ. ಅದರ ಒಳಗಿನ ನೀರು ಕೆರೆಯಂತೆ ಶಾಂತ, ಗಿಳಿಹಸಿರು, ಹೊರಗೆ ಕಡುನೀಲಿ. ದೋಣಿಗಳು ದಿಬ್ಬದ ಕಂಡಿಗಳನ್ನು ಹುಡುಕಿ ಒಳಹೊಕ್ಕು ತಂಗುತ್ತವೆ. ಮಹಾಸಾಗರದ ಅಲೆಗಳು ದೂರದಲ್ಲಿ ಆ ದಿಬ್ಬಕ್ಕೆ ಬಡಿಯುವ ಸದ್ದು ಇರುಳೆಲ್ಲ ಕೇಳುತ್ತದೆ. ಗೋಕರ್ಣದ ದಡದಲ್ಲಿ ಕೇಳಿದ ಸದ್ದು ಬಂದು ಹೋಗುತ್ತಿತ್ತು. ಇದು ಬರುವುದೂ ಇಲ್ಲ, ಹೋಗುವುದೂ ಇಲ್ಲ; ಇರುತ್ತದೆ. ರೈಲಿನ ಹೋಲಿಕೆ ಕೊಟ್ಟು ಅದೆಷ್ಟು ತಂಡ ಮಕ್ಕಳನ್ನು ದಾರಿ ತಪ್ಪಿಸಿದೆನೆಂದು ಮಲಗಿದಲ್ಲಿಯೇ ಲೆಕ್ಕ ಹಾಕಿದೆ.

25ರಂದು ಮಾಹೆಬೂರ್ ಸೇರಿದೆವು. ಕ್ರಿಸ್‌ಮಸ್ ಹಬ್ಬದ ದಿನ. 2020ರ ಜುಲೈ 25ರಂದು ವಾಕಾಶಿಯೋ ಎಂಬ ಜಪಾನೀ ಒಡೆತನದ ಭಾರೀ ಹಡಗು ಅಲ್ಲಿಗೆ ಸಮೀಪದ ದಿಬ್ಬವನ್ನೇರಿ ನಿಂತು, ಕೆಲವು ದಿನಗಳಲ್ಲಿ ಒಡೆದು, ಸುಮಾರು ಸಾವಿರ ಟನ್ ಎಣ್ಣೆ ಹಸಿರು ನೀರಿಗೆ ಹರಿಯಿತು. ಊರ ಜನ ಸರಕಾರದ ದಾರಿ ಕಾಯದೆ ಕಬ್ಬಿನ ಒಣರವದಿಯನ್ನು ಬಟ್ಟೆಯ ಚೀಲಗಳಲ್ಲಿ ತುಂಬಿ ಹೊಲಿದು, ಎಣ್ಣೆಗೆ ಅಡ್ಡವಾಗಿ ತೇಲಿಬಿಟ್ಟರು. ಎಣ್ಣೆ ಹೀರಲೆಂದು ತಲೆಗೂದಲನ್ನೂ ಕತ್ತರಿಸಿಕೊಟ್ಟರು. ನಾವಿಕನೂ ಹಗಲಿರುಳು ಚೀಲ ಹೊಲಿದಿದ್ದನಂತೆ. ಅದನ್ನು ಹೇಳುವಾಗ ಅವನು ಕೈಬೆರಳುಗಳನ್ನು ಮೂಸಿ ನೋಡಿಕೊಂಡ.

ಮರುದಿನ, ಡಿಸೆಂಬರ್ 26, ದಕ್ಷಿಣದ ದಂಡೆ. ಸುಯ್ಯಾಕ್ ಎಂಬ ಊರಿನ ಹತ್ತಿರ ಹವಳದ ದಿಬ್ಬ ಕಡಿದುಹೋಗಿದೆ. ಕಾಪಿಲ್ಲದ ಕರಿಬಂಡೆಗೆ ಸಾಗರವೇ ನೇರವಾಗಿ ಬಂದು ಅಪ್ಪಳಿಸುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಅಂಟಾರ್ಕ್ಟಿಕದವರೆಗೂ ಅಲೆಯನ್ನು ತಡೆಯುವಂಥ ದೊಡ್ಡ ನೆಲವಿಲ್ಲ. ನಾವಿಕನ ಮಾತಿನಂತೆ ದಂಡೆಯಿಂದ ಬಹುದೂರ ಸರಿದು, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಸಾಗಿದೆವು.

ತೆರೆಯೆಂದರೆ ನೊರೆಯೆಂದು ನಾನು ತಿಳಿದಿದ್ದೆ. ಇಲ್ಲಿ ಬಂದ ತೆರೆಗಳಿಗೆ ನೊರೆಯೇ ಇರಲಿಲ್ಲ. ಮಳೆ ಬಿದ್ದ ಎರೆಹೊಲದ ಏರಿಯೊಂದು ಎದ್ದು ಮೆಲ್ಲನೆ ನಡೆದುಬಂದಂತೆ ಹಿಂದಿನಿಂದ ಬರುವವು, ದೋಣಿಯನ್ನು ಎತ್ತುವವು, ಎತ್ತಿದಾಗ ದೂರದ ಬೆಟ್ಟ, ಕಬ್ಬಿನ ಗದ್ದೆ, ಕರಿಬಂಡೆಯ ಮೇಲೆ ಸಿಡಿಯುವ ಬಿಳಿಯ ನೀರು ಎಲ್ಲ ಕಾಣುವುದು. ಇಳಿಸಿದಾಗ ನೀರಿನ ಗೋಡೆಯ ಹೊರತು ಏನೂ ಇಲ್ಲ. ಅಲೆಯನ್ನು ಬೆಟ್ಟಕ್ಕೆ ಹೋಲಿಸಿದ ಪದ್ಯಗಳನ್ನು ನಾನು ಅತಿಶಯೋಕ್ತಿಗೆ ಉದಾಹರಣೆಯೆಂದು ಹೇಳಿ, ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಅಂಕ ಕೊಟ್ಟಿದ್ದೇನೆ. ಸ್ವಭಾವೋಕ್ತಿ ಎಂದು ಬರೆದವನೊಬ್ಬನಿದ್ದಿದ್ದರೆ ಅವನಿಗೆ ಸೊನ್ನೆ ಹಾಕುತ್ತಿದ್ದೆ.

ಮಗ ಚುಕ್ಕಾಣಿಯ ಮುಂದೆ ನಿಂತಿದ್ದ. ಹಿಂದಿರುಗಿ ನೋಡದೆಯೇ ತೆರೆ ಬರುವುದು ಅವನ ಕಾಲಿಗೆ ತಿಳಿಯುತ್ತಿತ್ತು. ಬಾಲ್ಯದಲ್ಲಿ ಕಂದಪದ್ಯದ ಗಣ ವಿಂಗಡಿಸಲಾರದೆ ತಡವರಿಸುತ್ತಿದ್ದ ಹುಡುಗ ಇವನೇ ಎಂದು ನಾನು ನೋಡುತ್ತಿದ್ದೆ. ತಾಯಿಯ ಮಡಿಲಿನಲ್ಲಿದ್ದ ಮೊಮ್ಮಗ ಇದ್ದಕ್ಕಿದ್ದಂತೆ ಕೇಳಿದ: “ಅಜ್ಜಾ, ನಿಮ್ಮ ಶಾಲೆಯಲ್ಲಿ ಸಮುದ್ರ ಇದೆಯಾ?”

“ಇಲ್ಲಪ್ಪಾ, ಪುಸ್ತಕದಲ್ಲಿ ಮಾತ್ರ ಇದೆ” ಎಂದೆ. ಎಂದೊಡನೆ ಇಪ್ಪತ್ತು ವರ್ಷ ಹಿಂದಿನ ಒಂದು ಮಧ್ಯಾಹ್ನ ನೆನಪಿಗೆ ಬಂತು. ಬಂತೆನ್ನುವುದು ಸರಿಯಲ್ಲ; ಅದು ಎಂದೂ ದೂರ ಹೋಗಿರಲಿಲ್ಲ.

2003ನೆಯ ಇಸವಿಯ ಆರಂಭ. ಬರದ ವರ್ಷ. ಊರ ಕೆರೆ ಬತ್ತಿ ಹುಡುಗರು ಅದರೊಳಗೆ ಚೆಂಡಾಡುತ್ತಿದ್ದರು. ನಮ್ಮ ಪ್ರಸಾದನಿಲಯದಲ್ಲಿ ದಾನಿಗಳು ಕಳಿಸಿದ ಜೋಳದಿಂದ ದಾಸೋಹ ನಿಲ್ಲದೆ ನಡೆದಿತ್ತು. ಸ್ನಾನಕ್ಕೆ ಮಾತ್ರ ಮಕ್ಕಳಿಗೆ ದಿನ ಬಿಟ್ಟು ದಿನ ಒಂದೊಂದು ಬಕೆಟ್ಟು ನೀರು. ಒಂಬತ್ತನೆಯ ತರಗತಿಯಲ್ಲಿ ಸಮುದ್ರವರ್ಣನೆಯ ಪದ್ಯ ಮುಗಿಸಿ, ಅದರ ಸ್ವಾರಸ್ಯವನ್ನು ಹೇಳೆಂದು ಒಬ್ಬನನ್ನು ಎಬ್ಬಿಸಿದೆ. ಅವನು ಸುಮ್ಮನೆ ನಿಂತ. ಗದರಿಸಿದಾಗ, “ನಾ ಸಮುದ್ರ ನೋಡಿಲ್ರಿ ಗುರುಗಳ” ಎಂದ. ನೋಡಬೇಕಾಗಿಲ್ಲ, ಪದ್ಯದಲ್ಲಿದ್ದುದನ್ನು ಹೇಳೆಂದೆ. ಅವನು ತಲೆ ಎತ್ತಿ, “ನೀವು ನೋಡೀರೇನ್ರಿ?” ಎಂದು ಕೇಳಿದ. ತರಗತಿ ನಕ್ಕಿತು. ನಾನು ಅವನ ಕೆನ್ನೆಗೆ ಹೊಡೆದೆ.

ಉದ್ಧಟತನಕ್ಕೆ ಹೊಡೆದೆನೆಂದು ಅಂದು ಎಲ್ಲರಿಗೂ ಹೇಳಿದೆ. ಆ ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನೋಡಿಲ್ಲವೆಂಬ ಉತ್ತರವನ್ನು ಕೊಡಲಾರದೆ ಕೈಯೆತ್ತಿದವನು ನಾನು. ಆ ರಾತ್ರಿ ನನ್ನ ಮಗ ಊಟಕ್ಕೆ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ತಾಯಿ ಎಷ್ಟು ಕೇಳಿದರೂ ಕಾರಣ ಹೇಳಲಿಲ್ಲ. ಆ ವರ್ಷ ಅವನು ನನ್ನದೇ ತರಗತಿಯಲ್ಲಿ ಓದುತ್ತಿದ್ದ. ಮುಂದೆ ಅವನು ಕನ್ನಡ ಬಿಟ್ಟು ಗಣಿತ ಹಿಡಿದದ್ದಕ್ಕೂ, ನನ್ನೊಡನೆ ಮಾತು ಕಡಿಮೆ ಮಾಡಿದ್ದಕ್ಕೂ, ಕಡೆಗೆ ನಾಡು ಬಿಟ್ಟು ಹೋದದ್ದಕ್ಕೂ ಆ ಒಂದು ಏಟೇ ಕಾರಣವೆಂದು ನಾನು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ.

ಸಂಜೆ ನೈರುತ್ಯ ಮೂಲೆಯಲ್ಲಿ ಲ ಮೋರ್ನ್ ಬೆಟ್ಟದ ಅಡಿ, ದಿಬ್ಬದೊಳಗಿನ ಶಾಂತ ನೀರಿನಲ್ಲಿ ಲಂಗರು ಹಾಕಿದೆವು. ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅಡಗುತ್ತಿದ್ದ ಕಡಿದಾದ ಬೆಟ್ಟವದು. 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. 1835ರಲ್ಲಿ ಬಿಡುಗಡೆಯ ಸುದ್ದಿ ತಿಳಿಸಲು ಬೆಟ್ಟವೇರಿದ ಪೊಲೀಸರನ್ನು ಕಂಡು, ಹಿಡಿಯಲು ಬಂದರೆಂದೇ ಬಗೆದು ಹಲವರು ಮೇಲಿನಿಂದ ಹಾರಿಕೊಂಡರೆಂದು ಅಲ್ಲಿಯ ಜನ ಹೇಳುತ್ತಾರೆ. ನಾವಿಕ ಅದನ್ನು ಹೇಳಿ, ಟೊಪ್ಪಿಗೆ ತೆಗೆದು ಕೆಳಗಿಟ್ಟು, ಮಲಗಲು ಹೋದ.

ಅಂದು ಹೊಸ್ತಿಲ ಹುಣ್ಣಿಮೆ. ಬೆಟ್ಟದ ಬೆನ್ನಿನಿಂದ ಚಂದ್ರ ತಡವಾಗಿ ಮೇಲೆ ಬಂದ. ಚಂದ್ರೋದಯಕ್ಕೆ ಸಮುದ್ರ ಉಕ್ಕುವುದೆಂಬುದು ಕವಿಗಳ ನಿತ್ಯದ ಮಾತು. ಆ ದ್ವೀಪದಲ್ಲಿ ಹುಣ್ಣಿಮೆಗೂ ಉಬ್ಬರ ಅರ್ಧ ಮೀಟರಿನಷ್ಟೇ ಎಂದು ಮಗ ತಿಳಿಸಿದ. ನಮ್ಮೂರಿನಲ್ಲಿ ತೆಂಕಣ ಅಂಚಿಗೆ ತಗ್ಗಿನಲ್ಲಿ ಕಾಣುವ ಅಗಸ್ತ್ಯ ನಕ್ಷತ್ರ ಅಲ್ಲಿ ಎಷ್ಟೋ ಎತ್ತರದಲ್ಲಿ ಬೆಳಗುತ್ತಿತ್ತು. ಸಮುದ್ರವನ್ನೇ ಆಪೋಶನ ತೆಗೆದುಕೊಂಡ ಮುನಿ. ಹೆಂಗಸರೂ ಮಗುವೂ ಮಲಗಿದ್ದರು. ನಾನು ಬಹಳ ಹೊತ್ತು ಮಾತು ಹುಡುಕಿ, ಕಡೆಗೆ ಹೇಳಿದೆ: “ಅವತ್ತು ಕ್ಲಾಸಿನಲ್ಲಿ ನಿನಗೆ ಹೊಡೆಯಬಾರದಾಗಿತ್ತು. ನಾನೂ ಸಮುದ್ರ ನೋಡಿರಲಿಲ್ಲ.”

ಮಗ ಸ್ವಲ್ಪ ಹೊತ್ತು ತಿಳಿಯದವನಂತೆ ನೋಡಿದ. “ಯಾವತ್ತು?”

ಹೇಳಿದೆ.

“ಅವ ನಾನಲ್ಲ ಅಪ್ಪಾ” ಎಂದ. “ನಾ ಹಿಂದಿನ ಬೆಂಚಿನ್ಯಾಗ ಕುಂತಿದ್ದೆ. ನೀವು ಹೊಡದದ್ದು ಬೋರ್ಡಿಂಗ್ ಹುಡುಗಗ.” ಹೆಸರು ಹೇಳಿದ.

ನಾನು ನಂಬಲಿಲ್ಲ, ವಾದ ಮಾಡಿದೆ. ನೀನು ಊಟ ಬಿಟ್ಟಿದ್ದೆಯಲ್ಲ ಎಂದೆ. “ಬಿಟ್ಟಿದ್ದೆ. ಅವ ನನ್ನ ಗೆಣೆಯಾ ಇದ್ದ. ಬಾಯಾಗ ರಕ್ತ ಬಂದಿತ್ತು ಅವಗ. ನಿಮಗ ಹ್ಯಾಂಗ ಹೇಳೋದು?” ಕನ್ನಡ ಬಿಟ್ಟದ್ದು ಏಕೆಂದು ಕೇಳಿದೆ. ಗಣಿತ ಇಷ್ಟವಾಗಿತ್ತು, ಅಷ್ಟೇ ಎಂದ.

ಆ ಮೇಲೆ ಅವನೇ ಹೇಳಿದ್ದು: ಆ ಹುಡುಗ ಬೇಸಿಗೆ ರಜೆಯ ನಂತರ ಶಾಲೆಗೆ ಬರಲಿಲ್ಲ. ಮಳೆಯಿಲ್ಲದೆ ಹೊಲ ಬಿಟ್ಟು, ಮನೆಯವರೆಲ್ಲ ಕಟ್ಟಡದ ಕೆಲಸಕ್ಕೆ ಗೋವೆಗೆ ಹೋದರೆಂದು ಊರಿನವರು ಯಾರೋ ಹೇಳಿದ್ದರಂತೆ. “ಸಮುದ್ರ ನಮ್ಮಿಬ್ಬರಕಿಂತ ಮೊದಲ ಅವನ ನೋಡಿರಬೇಕು” ಎಂದು ಮಗ ಎದ್ದು ಲಂಗರಿನ ಹಗ್ಗ ನೋಡಲು ಹೋದ.

ಪ್ರಯಾಣದ ಉಳಿದ ಎರಡು ದಿನ ಪಶ್ಚಿಮ ದಂಡೆಯ ನೆಮ್ಮದಿಯ ನೀರು. ರಾಜಧಾನಿ ಪೋರ್ಟ್ ಲೂಯಿಯಲ್ಲಿ ಇಳಿದು ಆಪ್ರವಾಸಿ ಘಾಟ್ ನೋಡಿದೆವು. 1834ರಿಂದ 1920ರವರೆಗೆ ಕರಾರಿನ ಕೂಲಿಗಳಾಗಿ ಭಾರತದಿಂದ ಈ ದ್ವೀಪಕ್ಕೆ ಬಂದವರು ಐದು ಲಕ್ಷಕ್ಕೆ ಸಮೀಪ. ಬಿಹಾರದ ಒಳನಾಡಿನ ಹಳ್ಳಿಗರು ಬಹಳ, ತಮಿಳರು, ತೆಲುಗರು, ಮರಾಠಿಗರೂ ಉಂಟು. ಬಂದವರು ಹತ್ತಿದ ಕಲ್ಲಿನ ಮೆಟ್ಟಿಲುಗಳು ಇನ್ನೂ ಇವೆ. ಹಡಗು ಹತ್ತುವವರೆಗೂ ಅವರಲ್ಲಿ ಹೆಚ್ಚಿನವರು ಸಮುದ್ರ ಕಂಡಿರಲಾರರು. ನಮ್ಮ ಮನೆಯವರು ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾವು ಊರಿಗೆ ಮರಳಿದ ಮೇಲೆ, 2024ರ ಜನವರಿ 15ರಂದು, ಬೆಲಾಲ್ ಎಂಬ ಚಂಡಮಾರುತ ಬಂದು ಅದೇ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿದವು. ಮಗನ ಮನೆಗೆ ಏನೂ ಆಗಲಿಲ್ಲವೆಂದು ಫೋನು ಬಂದಾಗ ನಾನು ಶಾಲೆಯ ಕಚೇರಿಯಲ್ಲಿದ್ದೆ. ಮುಖ್ಯಾಧ್ಯಾಪಕರ ಅನುಮತಿ ಪಡೆದು ಹಳೆಯ ಹಾಜರಿ ಪುಸ್ತಕಗಳ ಧೂಳು ಕೊಡವುತ್ತಿದ್ದೆ.

ಮಗ ಹೇಳಿದ್ದು ನಿಜ. 2002–03ರ ಒಂಬತ್ತನೆಯ ತರಗತಿಯಲ್ಲಿ ಆ ಹೆಸರಿದೆ, ನನ್ನದೇ ಅಕ್ಷರದಲ್ಲಿ. ಮರುವರ್ಷದ ಪುಸ್ತಕದಲ್ಲಿ ಜೂನ್ ತಿಂಗಳು ಪೂರ್ತಿ ಗೈರುಹಾಜರಿಯ ಗುರುತು. ಜುಲೈಯಲ್ಲಿ ಹೆಸರಿನ ಮೇಲೆ ಕೆಂಪು ಗೆರೆ. ಗೆರೆ ಎಳೆದ ಕೈಯೂ ನನ್ನದೇ. ಎಳೆದದ್ದು ನೆನಪಿಲ್ಲ.

ಅವನು ಶಾಲೆ ಬಿಟ್ಟದ್ದು ಬರದಿಂದಲೋ ನನ್ನಿಂದಲೋ ಹೇಳಲಾರೆ. ಅವನ ಹೆಸರನ್ನು ಇಲ್ಲಿ ಅಚ್ಚುಹಾಕಿಸುವುದು ಸರಿಯಲ್ಲವೆಂದು ಹಾಕಿಸಿಲ್ಲ. ಆ ವರ್ಷ ಆ ತರಗತಿಯಲ್ಲಿ ಕುಳಿತಿದ್ದವರಿಗೆ ಯಾರೆಂಬುದು ಹೇಳದೆಯೇ ತಿಳಿಯುತ್ತದೆ. ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಅಂಚೆಯಲ್ಲಿ ಹೋಗುವುದೆಂದು ಕೇಳಿದ್ದೇನೆ. ಅವನು ಈಗ ಎಲ್ಲಿರುವನೆಂದು ತಿಳಿದವರು ದಯವಿಟ್ಟು ಶಾಲೆಯ ಕಚೇರಿಗೆ ನನ್ನ ಹೆಸರಿಗೆ ಒಂದು ಸಾಲು ಬರೆಯಬೇಕು. ಅವನನ್ನು ಕರೆಸುವುದು ಬೇಡ. ಗೋವೆಯಾಗಲಿ, ಎಲ್ಲಿಯೇ ಆಗಲಿ, ನಾನೇ ಹೋಗಿಬರುತ್ತೇನೆ.